ಕಣ್ಣಕ್ಕ ಕೇಳಬಾರದಿದ್ದ ಪ್ರಶ್ನೆ

ಊರಿನ ವೈದ್ಯರೆಲ್ಲ ಅವರನ್ನು ಕರೆಯುವುದು ಕಣ್ಣಕ್ಕ ಎಂದು. ಕಣ್ಣಿನ ಡಾಕ್ಟರು, ತಮಗಿಂತ ಚಿಕ್ಕವರಿಗೆಲ್ಲ ಅಕ್ಕ. ಕೋಪ ಮೂಗಿನ ತುದಿಯಲ್ಲೇ, ಮಾತು ನಾಲಗೆಯ ತುದಿಯಲ್ಲೇ. ವೈದ್ಯರ ಸಂಘಕ್ಕೆ ಅವರು ಸೇರಿದ್ದು ಸೇವೆ ಮಾಡುವ ಹಂಬಲದಿಂದೇನಲ್ಲ. ಸೇರುವವರೆಗೂ ಸಂಘದ ಕಾರ್ಯದರ್ಶಿ ಫೋನು ಮಾಡುವುದನ್ನು ನಿಲ್ಲಿಸುವಂತಿರಲಿಲ್ಲ, ಅಷ್ಟೆ. ಆಗೆಲ್ಲ ಸಂಘವೆಂದರೆ ಉದ್ದುದ್ದ ಭಾಷಣ, ಆರಿದ ಚಹಾ, ಕೊನೆಗೊಂದು ಗುಂಪು ಫೋಟೋ. ಕಣ್ಣಕ್ಕ ಅಲ್ಲಿ ಕುರ್ಚಿ ಹಾಕಿಸಿದರು, ಮೈಕು ಸರಿಮಾಡಿಸಿದರು, ಮಾತು ಮುಗಿಸದ ಹಿರಿಯರನ್ನು ಗದರಿಸಿ ಕೆಳಗಿಳಿಸಿದರು.

"ಸಂಬಳ ಇಲ್ಲದ ಕೆಲಸಕ್ಕೆ ನಿನ್ನಷ್ಟು ನಿಯತ್ತಿನ ಆಳು ಸಿಗಲ್ಲ ಬಿಡು" ಎಂದು ಗಂಡ ರೇಗಿಸುತ್ತಿದ್ದರು.

ಆಮೇಲೆ ಸಂಘದಲ್ಲಿ ಜೊತೆಗಾರರ ತಂಡವೆಂದು ಒಂದು ಹುಟ್ಟಿಕೊಂಡಿತು. ಯಾರದಾದರೂ ಕೈಯಲ್ಲಿ ರೋಗಿ ತೀರಿಕೊಂಡು ಆ ವೈದ್ಯರೇ ಕುಸಿದು ಕೂತರೆ, ತಂಡದ ಒಬ್ಬರು ಹೋಗಿ ಅವರ ಪಕ್ಕದಲ್ಲಿರಬೇಕು. ಹೋಗುವವರು ಬೇರೆ ವಿಭಾಗದವರೇ ಆಗಿರಬೇಕೆಂಬುದು ಕಟ್ಟುನಿಟ್ಟು. ಮೂಳೆಯವರ ಹತ್ತಿರ ಚರ್ಮದವರು, ಹೆರಿಗೆಯವರ ಹತ್ತಿರ ಕಿವಿ-ಮೂಗಿನವರು. ಒಂದೇ ವಿಭಾಗದವರಾದರೆ ಸಮಾಧಾನ ಹೇಳಲು ಹೋಗಿ ವಿಚಾರಣೆ ಶುರುಮಾಡುತ್ತಾರೆ. ಚಿಕಿತ್ಸೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಕೂಡದು. ಅದಕ್ಕೆ ಬೇರೆ ಸಮಿತಿಯಿದೆ. ಇಂಥ ಕೆಲಸಕ್ಕೆ ಕಣ್ಣಕ್ಕ ಹೆಸರು ಕೊಟ್ಟಾಗ ಎಲ್ಲರೂ ಮುಸಿಮುಸಿ ನಕ್ಕರು. ನಗಲಿ. ಬಾಯಿ ಬಿಗಿಹಿಡಿಯುವುದು ಎಷ್ಟು ಕಷ್ಟವೆಂದು ಅವರಿಗೆ ಗೊತ್ತಿದ್ದಷ್ಟು ನಕ್ಕವರಿಗೆ ಗೊತ್ತಿರಲಿಲ್ಲ.

ಆವತ್ತು ಮಧ್ಯಾಹ್ನ ಕೈತೊಳೆದು ಊಟಕ್ಕೆ ಕೂರಬೇಕು, ಕಾರ್ಯದರ್ಶಿಯ ಫೋನು ಬಂತು. "ಅಕ್ಕಾ, ಇದ್ದ ಹಾಗೇ ಹೊರಡಿ." ಎರಡು ಬೀದಿ ಆಚೆಯ ಸಣ್ಣ ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ನಿಗೆಂದು ಮಲಗಿದ್ದ ಶಾಲಾ ವ್ಯಾನಿನ ಚಾಲಕ ಮತ್ತೆ ಏಳಲೇ ಇಲ್ಲ. ಅರಿವಳಿಕೆ ಕೊಟ್ಟ ತರುಣ ವೈದ್ಯ ಥಿಯೇಟರಿನ ಪಕ್ಕದ ಔಷಧಿ ಕೋಣೆ ಹೊಕ್ಕು ಒಳಗಿಂದ ಚಿಲಕ ಹಾಕಿಕೊಂಡಿದ್ದ. ಅಲ್ಲಿದ್ದ ಔಷಧಿ ಬೀರುವಿನ ಬೀಗದ ಕೈ ಅವನ ಜೇಬಿನಲ್ಲೇ ಇತ್ತು. ಆ ಬೀರುವಿನಲ್ಲಿ ಏನಿರುತ್ತದೆಂದು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಣ್ಣಕ್ಕ ಓಡುನಡಿಗೆಯಲ್ಲಿ ಬಂದರು. ಕಾರಿಡಾರಿನ ಬೆಂಚಿನ ಮೇಲೆ ಒಬ್ಬ ಹೆಂಗಸು, ಗಂಡನ ಅಂಗಿಯನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಚಾಲಕನ ಹೆಂಡತಿ. ಹೃದಯ ನಿಂತುಹೋಯಿತು, ಉಳಿಸಲು ಆಗಲಿಲ್ಲ ಎಂದಷ್ಟೇ ಅವಳಿಗೆ ಹೇಳಿದ್ದರು. ಔಷಧಿ ಕೋಣೆಯ ಮುಂದೆ ಸರ್ಜನ್ನು ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು, ಅವರ ಹಿಂದೆ ಹಾರೆ ಹಿಡಿದ ಕಾವಲುಗಾರ.

"ಬಾಗಿಲು ಒಡೆಸಿಬಿಡ್ತೀನಿ" ಎಂದರು ಸರ್ಜನ್ನು.

"ಒಡೆಯೋ ಸದ್ದಿಗೇ ಅವನು ಏನಾದ್ರೂ ಮಾಡ್ಕೊಂಡ್ರೆ? ಸ್ವಲ್ಪ ತಡ್ಕೊಳ್ಳಿ ಸಾರ್" ಎಂದು ಕಣ್ಣಕ್ಕ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತರು. "ತಮ್ಮಾ, ನಾನು ಕಣ್ಣಕ್ಕ. ಒಳಗೆ ಬರಲ್ಲ. ಇಲ್ಲೇ ಇರ್ತೀನಿ."

ಆಮೇಲೆ ಒಳಗಿನಿಂದ ಮಾತು ಬಂತು, ಪರೀಕ್ಷಕರ ಮುಂದೆ ಒಪ್ಪಿಸುವ ಧಾಟಿಯಲ್ಲಿ. ರೋಗಿಯ ವಯಸ್ಸು, ರಕ್ತದೊತ್ತಡ, ಕೊಟ್ಟ ಔಷಧಿ, ಮೈ ಇದ್ದಕ್ಕಿದ್ದಂತೆ ಕಾದಿದ್ದು, ದವಡೆ ಸೆಟೆದಿದ್ದು. ಕಣ್ಣಕ್ಕ ಹೂಂಗುಟ್ಟಿದರು. ಇಷ್ಟು ವರ್ಷ ಕೇಸು ಕೇಳಿ ಕೇಳಿ ಪಳಗಿದ ಕಿವಿ ಅದು, ಗೊತ್ತಿಲ್ಲದೆಯೇ ಡಾಕ್ಟರಾಗಿಬಿಟ್ಟರು. ಅರಿವಳಿಕೆಗೆ ಹೀಗೆ ಮೈ ಕಾಯುವುದು ಕೆಲವು ಮನೆತನಗಳಲ್ಲಿ ಹರಿದುಬರುವ ದೋಷ.

"ಅವನಿಗೋ ಮನೆಯವರಿಗೋ ಹಿಂದೆ ಅರಿವಳಿಕೆ ಕೊಟ್ಟಾಗ ತೊಂದರೆ ಆಗಿತ್ತಾ ಅಂತ ನೀನು ಕೇಳಿದ್ದೆ ತಾನೆ?"

ಆಡಿದ ಮರುಕ್ಷಣವೇ ನಾಲಗೆ ಕಚ್ಚಿಕೊಂಡರು. ಒಳಗೆ ಬೀರುವಿನ ಬಾಗಿಲು ಕಿರುಗುಟ್ಟಿತು. ಗಾಜಿಗೆ ಗಾಜು ತಾಗಿದ ಸದ್ದು. ಸರ್ಜನ್ನು ಕಾವಲುಗಾರನಿಗೆ ಕೈಸನ್ನೆ ಮಾಡಿದರು. ಕಣ್ಣಕ್ಕ ಹಾರೆಯನ್ನು ಕೈಯಿಂದ ಅತ್ತ ತಳ್ಳಿ, ಬಾಗಿಲಿಗೆ ಬಾಯಿ ಹತ್ತಿಸಿದರು.

"ತಮ್ಮಾ, ಅದನ್ನ ನಾನು ಕೇಳಬಾರದಿತ್ತು. ನಿನಗೋಸ್ಕರ ಕೇಳಲಿಲ್ಲ ಕಣೋ. ನೀನೇ ಏನೋ ಬಿಟ್ಟಿದ್ದೀಯ ಅಂತ ಗೊತ್ತಾಗಿಬಿಟ್ರೆ, ನಾನಾಗಿದ್ರೆ ಬಿಡ್ತಿರಲಿಲ್ಲ, ನನ್ನ ಕೈಯಲ್ಲಿ ಹೀಗಾಗಲ್ಲ ಅಂತ ನೆಮ್ಮದಿಯಾಗಿ ಮನೆಗೆ ಹೋಗಬಹುದಲ್ಲ, ಅದಕ್ಕೆ ಕೇಳಿದೆ. ನನ್ನ ಹೆದರಿಕೆ ಅದು. ನಮ್ಮೆಲ್ಲರದೂ ಅದೇ."

ಗಾಜಿನ ಸದ್ದು ನಿಂತಿತು.

"ರೋಗಿ ವಿಷಯ ಬೇಡ. ನಿನ್ನ ವಿಷಯ ಕೇಳ್ತೀನಿ. ಸಾಯಬೇಕು ಅನ್ನಿಸ್ತಿದೆಯಾ?"

"ಹೂಂ."

ಕಣ್ಣಕ್ಕನಿಗೆ ಅಳು ಒತ್ತರಿಸಿ ಬಂತು, ತಡೆದುಕೊಂಡರು. "ಹೇಳಿದ್ಯಲ್ಲ, ಒಳ್ಳೇದಾಯ್ತು. ಆ ಬೀಗದ ಕೈ ನನಗೆ ಕೊಡು. ಇವತ್ತು ನಿನ್ನನ್ನ ಒಬ್ಬನೇ ಎಲ್ಲೂ ಬಿಡಲ್ಲ. ನಿನಗೆ ಏನನ್ನಿಸಿದ್ರೂ ನನ್ನ ಮುಂದೆ ಅನ್ನಿಸಲಿ."

ಬೀರು ಮುಚ್ಚಿದ ಸದ್ದಾಯಿತು. ಚಿಲಕ ಸರಿಯಿತು. ಬಾಗಿಲು ಒಂದು ಗೇಣು ತೆರೆಯಿತು, ಅದರಲ್ಲಿ ಮೊದಲು ಕಂಡದ್ದು ಬೀಗದ ಕೈ ಹಿಡಿದು ಚಾಚಿದ ಕೈ. ಕಣ್ಣಕ್ಕ ಬೀಗದ ಕೈಯ ಜೊತೆಗೆ ಆ ಕೈಯನ್ನೂ ಗಟ್ಟಿಯಾಗಿ ಹಿಡಿದುಕೊಂಡು ಎದ್ದರು. ಇನ್ನು ಪರವಾಗಿಲ್ಲ ಎಂದುಕೊಂಡರು.

"ಅಕ್ಕಾ" ಎಂದ ಅವನು, ಅವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ನಾನು ಕೇಳಿರಲಿಲ್ಲ. ಇನ್ನೊಂದು ಆಪರೇಷನ್ನಿಗೆ ಕರೀತಿದ್ರು, ಅವಸರದಲ್ಲಿ ಬಿಟ್ಟೆ. ರೋಗಿಯ ಅಣ್ಣನೂ ಆಪರೇಷನ್ನಿನಲ್ಲಿ ಹೀಗೇ ಹೋದನಂತೆ, ಇವರ ಹೆಂಡತಿಗೆ ಗೊತ್ತಿತ್ತು. ಆಮೇಲೆ ನರ್ಸ್ ಹತ್ರ ಹೇಳ್ಕೊಂಡು ಅಳ್ತಿದ್ರು."

ಕಣ್ಣಕ್ಕನಿಗೆ ಒಂದು ಗಳಿಗೆ ಕೈ ಕೊಡವಿಕೊಳ್ಳಬೇಕೆನ್ನಿಸಿತು. ಹೌದು, ಅನ್ನಿಸಿತು. ಬೆಂಚಿನ ಮೇಲಿದ್ದ ಹೆಂಗಸು ನೆನಪಾಗಿ ಇವನ ಮೇಲೆ ಕೆಂಡದಂಥ ಸಿಟ್ಟು ಬಂತು. ತಪ್ಪಿಲ್ಲದವನ ಪಕ್ಕ ಕೂರುವುದು ಯಾರಿಗಾದರೂ ಬರುತ್ತದೆ. ಅವರು ಕೈ ಬಿಡಲಿಲ್ಲ.

"ನಾನು ಕೇಳಲಿಲ್ಲ ಅಂತ ಆ ಹೆಂಡತಿಗೆ ಗೊತ್ತಾಗಬೇಕು ಅಲ್ವಾ ಅಕ್ಕಾ?"

"ಗೊತ್ತಾಗಲೇಬೇಕು."

"ನಾನೇ ಹೇಳಲಾ?"

"ಹೇಳೋ ಶಕ್ತಿ ಇದ್ರೆ ಹೇಳು. ಇಲ್ಲದಿದ್ರೆ ನಾಳೆ ಹೇಳು. ಯಾವಾಗ ಹೇಳಿದ್ರೂ ನಾನು ಜೊತೆಗಿರ್ತೀನಿ."

ಅವನು ಮುಖ ತೊಳೆದುಕೊಂಡ. ಸರ್ಜನ್ನು ಏನೋ ಹೇಳಲು ಬಾಯಿ ತೆರೆದರು. ಕಣ್ಣಕ್ಕ ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟು ಮುಂದೆ ನಡೆದರು. ಕಾರಿಡಾರಿನ ಕೊನೆಯಲ್ಲಿ ಆ ಹೆಂಗಸು ಇವರನ್ನು ನೋಡಿ, ಅಂಗಿಯನ್ನು ಎದೆಗವಚಿಕೊಂಡು ಎದ್ದು ನಿಂತಳು. ತರುಣನ ಹೆಜ್ಜೆ ಅಲ್ಲೇ ನಿಂತಿತು. ಕಣ್ಣಕ್ಕನಿಗೂ ಕಾಲು ಎತ್ತಿಡಲು ಭಯವಾಯಿತು. ಅವನ ತೋಳಿಗೆ ತೋಳು ಸೇರಿಸಿ, ಮೊದಲ ಹೆಜ್ಜೆಯನ್ನು ಅವರೇ ಇಟ್ಟರು.