ಬಲಗ್ ಮತ್ತು ಬೆಳಗು

ಶಬ್ದಗಳ ನಡುವೆ ನೆಂಟಸ್ತನ ಕುದುರಿಸುವ ಚಟ ನನಗಿದೆ. ಕನ್ನಡ ಮೇಷ್ಟ್ರುಗಳಿಗೆ ಇದು ಸಾಮಾನ್ಯ ಕಾಯಿಲೆ. ಜಾತಕ ನೋಡದೆಯೇ ಮದುವೆ ಮಾಡಿಸಿಬಿಡುತ್ತೇವೆ. ಬೈಬಲಿನ ಹೀಬ್ರೂ ಭಾಷೆಯಲ್ಲಿ ‘ಬಲಗ್’ ಎಂಬ ಅಪರೂಪದ ಕ್ರಿಯಾಪದವಿದೆ, ಮುಖ ಗೆಲುವಾಗುವುದು ಎಂದು ಅದರ ಅರ್ಥ ಎಂದು ಸಾಮ್ಯುಯೆಲ್ ಮೇಷ್ಟ್ರು ಹೇಳಿದ ಕೂಡಲೇ ನಾನು ಬೆಂಚಿನಿಂದ ಎದ್ದುಬಿಟ್ಟೆ. “ನಮ್ಮ ‘ಬೆಳಗು’ ಅಲ್ಲವೇನ್ರೀ ಅದು!”

ಅದು ತೊಂಬತ್ತರ ದಶಕದ ಕೊನೆ. ನಾವು ಕೂತಿದ್ದದ್ದು ನಂಜನಗೂಡಿನ ಒಂದು ಆಸ್ಪತ್ರೆಯಲ್ಲಿ. ಒಳಗೆ ನನ್ನ ಅಕ್ಕ ಗೌರಮ್ಮ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಳು. ಹಿಂದಿನ ದಿನ ಪೊರೆ ತೆಗೆದಿದ್ದರು. ಎಡಗಣ್ಣು ಚಿಕ್ಕಂದಿನಲ್ಲೇ ಭತ್ತದ ಗರಿ ಚುಚ್ಚಿ ಹೋಗಿತ್ತು, ಉಳಿದದ್ದು ಬಲಗಣ್ಣೊಂದೇ. “ಇದೂ ಕೈಕೊಟ್ರೆ ನಿನ್ ಮನೇಗೇ ಬಂದ್ ಕೂತ್ಕತೀನಿ ಕಣ್ಲಾ” ಎಂದು ತನ್ನೂರು ಸೋಸಲೆಯಿಂದ ಹೊರಡುವಾಗ ನಕ್ಕಿದ್ದಳು. ನಕ್ಕವಳ ಕೈ ಮಾತ್ರ ನನ್ನ ತೋಳನ್ನು ಬಿಟ್ಟಿರಲಿಲ್ಲ. ಆಪರೇಷನ್ನಿಗೆ ಒಪ್ಪಿಸಿದವನು ನಾನೇ.

ನನ್ನ ಪಕ್ಕದ ಮನೆಯ ಸಾಮ್ಯುಯೆಲ್ ಮೇಷ್ಟ್ರು ಪಾದ್ರಿಯಾಗಲು ಹೋಗಿ, ಹೀಬ್ರೂ ಕಲಿತು, ಕೊನೆಗೆ ಗಣಿತ ಕಲಿಸಿ ನಿವೃತ್ತರಾದವರು. ನನಗೆ ಧೈರ್ಯ ಹೇಳಲೆಂದು ಬಂದಿದ್ದರು.

“ಬಲಗಣ್ಣಲ್ಲೂ ಬಲಗ್ ಇದೆ ನೋಡಿ!” ಎಂದೆ.

“ಸುಮ್ನಿರಿ ಸಾರ್. ದನಿ ಕೂಡಿದ ಮಾತ್ರಕ್ಕೆ ನೆಂಟರಾಗಲ್ಲ. ಅದರ ಬಳಗ ಅರಬ್ಬಿ ಕಡೆ.”

ಅರಬ್ಬಿಯಲ್ಲಿ ಆ ಧಾತುವಿಗೆ ಮೂಡಲ ದಿಕ್ಕು ಬೆಳ್ಳಗಾಗುವುದು ಎಂಬ ಅರ್ಥವಂತೆ. ಹುಬ್ಬುಗಳು ಕೂಡದೆ ನಡುವೆ ಬಯಲಿರುವ ಮುಖಕ್ಕೂ ಅದೇ ಮಾತಂತೆ. ಬೈಬಲಿನಲ್ಲಿ ಈ ಪದ ಬರುವುದು ನಾಲ್ಕೇ ಕಡೆ. ಒಂದರಲ್ಲಿ ನಾಶ ಮಿಂಚಿನಂತೆ ಎರಗುತ್ತದೆ. ಉಳಿದ ಕಡೆ ನೊಂದವರು ಒಂದಿಷ್ಟು ಗೆಲುವಾಗಲು ಹಂಬಲಿಸುತ್ತಾರೆ. ಇಂದಿನ ಹೀಬ್ರೂವಿನಲ್ಲಿ ಇದರಿಂದಲೇ ಹುಟ್ಟಿದ ಮಾತಿಗೆ ತಡೆದುಕೊಳ್ಳುವುದು ಎಂದರ್ಥ.

“ಬೆಳಗೋದೆಲ್ಲಿ, ತಡೆದುಕೊಳ್ಳೋದೆಲ್ಲಿ?” ಎಂದು ಕೇಳಿದೆ.

“ಒಳಗಿನ ಸಂಕಟ ತಡ್ಕೊಂಡೇ ಅಲ್ವಾ ಮುಖ ಗೆಲುವು ಮಾಡ್ಕೊಳ್ಳೋದು? ಈಗ ಒಳಗೋಗಿ ನೀವು ಅದನ್ನೇ ಮಾಡಿ. ಕರೀತಾವ್ರೆ.”

ನರ್ಸು ಪಟ್ಟಿ ಬಿಚ್ಚಿದರು. ಅಕ್ಕ ಕಣ್ಣು ಮುಚ್ಚಿಯೇ ಇದ್ದಳು. “ಬುಡ್ಲಾ ಕಣ್ಣ?” ಎಂದು ನನ್ನನ್ನು ಕೇಳಿದಳು. “ಬಿಡಕ್ಕ” ಎಂದೆ. ಮೆಲ್ಲಗೆ ಬಿಟ್ಟಳು. ನೀರು ಸುರಿಯಿತು. ಎದುರಿನ ಗೋಡೆಯನ್ನೇ ದಿಟ್ಟಿಸಿದಳು.

“ಅಲ್ಲೊಂದು ಹಲ್ಲಿ ಅದೆ. ಬಾಲ ಇಲ್ಲ ಅದ್ಕೆ.”

ಡಾಕ್ಟರು, ನರ್ಸು, ನಾನು ಮೂವರೂ ತಿರುಗಿದೆವು. ಇತ್ತು, ಬಾಲವಿಲ್ಲದ್ದೇ. ನಾನು ಮಂಚದ ಅಂಚಿನಲ್ಲಿ ಕುಸಿದು ಅತ್ತುಬಿಟ್ಟೆ. ತಡೆದುಕೊಳ್ಳುವ ಅರ್ಥ ನನ್ನ ಮಟ್ಟಿಗಂತೂ ಸುಳ್ಳಾಯಿತು.

ಮನೆಗೆ ಕಳಿಸಿದ ದಿನ ನರಸೀಪುರದಲ್ಲಿ ಬಸ್ಸು ಬದಲಿಸಿದೆವು. ಕಪ್ಪು ಕನ್ನಡಕದ ಅಕ್ಕ ಕಿಟಕಿಯ ಪಕ್ಕ ಕೂತು, ಮೂರನೇ ಕ್ಲಾಸಿನ ವಿದ್ಯೆಯನ್ನೆಲ್ಲ ಹೊರತೆಗೆದು ದಾರಿಯ ಬೋರ್ಡುಗಳನ್ನು ಗಟ್ಟಿಯಾಗಿ ಓದತೊಡಗಿದಳು. ಗೊಬ್ಬರದಂಗಡಿ, ಬಳೆ ಅಂಗಡಿ, ಸೈಕಲ್ ರಿಪೇರಿ, ಯಾವುದನ್ನೂ ಬಿಡಲಿಲ್ಲ. ಜನ ತಿರುಗಿ ನೋಡುತ್ತಿದ್ದರು. ನೋಡಲಿ ಎಂದು ನಾನು ಎದೆಯುಬ್ಬಿಸಿ ಕೂತಿದ್ದೆ.

“ಸೋಸಲೆ! ಇಳ್ಕಳಮ್ಮ, ಒತ್ತಾಯ್ತು” ಎಂದ ಕಂಡಕ್ಟರ್.

“ವಸಿ ನಿಲ್ಸಪ್ಪ. ಆ ಗೋಡೇಲಿ ಇನ್ನೊಂದ್ ಸಾಲ್ ಅದೆ.”

ಅವನು ಸೀಟಿಯನ್ನು ಬಾಯಿಂದ ತೆಗೆದ. ಬಸ್ಸಿಗೆ ಬಸ್ಸೇ ಕಾಯಿತು.

“ಇಲ್ಲಿ… ನೋಟೀಸು… ಅಂಟಿಸ… ಬಾರದು.”

ಓದಿ ಮುಗಿಸಿ, ನ್ಯಾಯವಾದ ಮಾತೇ ಎಂಬಂತೆ ತಲೆದೂಗಿ, ಅಕ್ಕ ಯಾರ ಕೈಯನ್ನೂ ಹಿಡಿಯದೆ ಇಳಿದಳು.