ಹೊಳೆಯ ಮೆಟ್ಟಿಲು, ಮೂರನೇ ಅರ್ಜಿ

ನನ್ನ ನಾದಿನಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ವರ್ಷಕ್ಕೊಮ್ಮೆ ದೊಡ್ಡ ಊರಿನಲ್ಲಿ ನಡೆಯುವ ತಂತ್ರಜ್ಞಾನದ ಸಂಶೋಧನಾ ಸಮ್ಮೇಳನದಲ್ಲಿ ತಾನೂ ಏನಾದರೊಂದು ನಡೆಸಿಕೊಡಬೇಕೆಂಬುದು ಅವಳ ಹಟ. ಅದಕ್ಕೆ ಮೊದಲೇ ಅರ್ಜಿ ಹಾಕಬೇಕು. ಮೂರು ಬಗೆಯ ಅರ್ಜಿ ಕರೆಯುತ್ತಾರೆ: ದಿನವಿಡೀ ಕೂತು ಚರ್ಚಿಸುವ ಕಾರ್ಯಾಗಾರ, ಬಲ್ಲವರು ಉಳಿದವರಿಗೆ ಹೇಳಿಕೊಡುವ ಪಾಠ, ಮತ್ತು ಎಲ್ಲರಿಗೂ ಒಂದೇ ಸಮಸ್ಯೆ ಕೊಟ್ಟು ಯಾರ ಕಂಪ್ಯೂಟರ್ ಯಂತ್ರ ಚೆನ್ನಾಗಿ ಬಿಡಿಸುತ್ತದೆಂದು ನೋಡುವ ಸ್ಪರ್ಧೆ. ಕಾರ್ಯಾಗಾರಕ್ಕೆ ಒಂದು ವರ್ಷ ಬರೆದಳು, ಆಗಲಿಲ್ಲ. ಮರುವರ್ಷ ಪಾಠಕ್ಕೆ ಬರೆದಳು, ಅದೂ ಆಗಲಿಲ್ಲ. ಎರಡೂ ಪತ್ರಗಳಲ್ಲಿ ವಿಷಾದದ ಮಾತು ಎರಡನೇ ಸಾಲಿನಲ್ಲೇ ಇತ್ತು. ನಾನು ಓದಿದ ಕಾನ್ವೆಂಟಿನಲ್ಲಿ ಪತ್ರಲೇಖನ ಕಲಿಸುತ್ತಿದ್ದ ಸಿಸ್ಟರ್, ಕೆಟ್ಟ ಸುದ್ದಿಗೆ ಮುನ್ನ ಕನಿಷ್ಠ ಒಂದು ಪ್ಯಾರಾ ಸೌಜನ್ಯ ಇರಬೇಕು ಅನ್ನುತ್ತಿದ್ದರು. ಇದನ್ನು ಹೇಳಿದರೆ ನಾದಿನಿ ನಗಲಿಲ್ಲ.

"ಈ ಸಲನೂ ಆಗಲಿಲ್ಲಂದ್ರ ಮುಂದ ಅರ್ಜಿಗೆ ಸಹಿ ಹಾಕೂದಿಲ್ಲ ಅಂದಾರ ವೈನಿ, ನಮ್ಮ ವಿಭಾಗದ ಮುಖ್ಯಸ್ಥರು. 'ಸಣ್ಣ ಊರಿನ ಕಾಲೇಜು, ಅವರಿಗೆ ಕೊಡಾಕ ನಮ್ಮ ಹತ್ರ ಏನೈತ್ರಿ ಮೇಡಂ?' ಅಂತ ಎಲ್ಲಾರ ಮುಂದ ಕೇಳಿದ್ರು."

ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ನಾನು ಡಬ್ಬಿಗಳ ಹಲಗೆಗೆ ಹಾಸಿದ್ದ ಹಳೆಯ ಕಾಗದ ಬದಲಿಸುತ್ತಿದ್ದೆ. ಉಳಿದದ್ದು ಸ್ಪರ್ಧೆ ಒಂದೇ. ಅದಕ್ಕೆ ಬೇರೆ ಯಾರ ಬಳಿಯೂ ಇಲ್ಲದ ಮಾಹಿತಿ ಬೇಕೆಂದು ಫಾರ್ಮಿನಲ್ಲಿ ಬರೆದಿತ್ತು.

"ಯಾರ ಹತ್ರನೂ ಇಲ್ಲದ್ದು ನಮ್ಮನ್ಯಾಗ ಏನೈತಿ ಹೇಳ್ರಿ," ಅಂದಳು.

ನನ್ನ ಕೈಯಲ್ಲಿದ್ದದ್ದು ಯಾವುದೋ ಶ್ರಾವಣದ ಕ್ಯಾಲೆಂಡರ್ ಹಾಳೆ. ಎಣ್ಣೆ ಡಬ್ಬಿಯ ದುಂಡನೆ ಗುರುತಿನ ಸುತ್ತ, ಒಂದೊಂದು ಚೌಕದಲ್ಲೂ ನನ್ನದೇ ಅಕ್ಷರದ ಒಂದೊಂದು ಅಂಕಿ. ಅದನ್ನು ಅವಳ ಮುಂದೆ ಹಾಸಿದೆ.

ಅತ್ತೆಯ ತವರು ಮಲಪ್ರಭೆಯ ದಂಡೆಯ ಹೊಳೆಮಣ್ಣೂರು. ಅವರ ತಂಗಿ, ನಾವೆಲ್ಲ ಚಿಗವ್ವ ಅನ್ನುವವಳು, ಇಂದಿಗೂ ಅಲ್ಲೇ ಇದ್ದಾಳೆ. ಮಳೆಗಾಲ ಬಂತೆಂದರೆ ಹೊಳೆ ಎಲ್ಲಿಗೆ ಬಂದಿದೆ ಎಂದು ತಿಳಿಯುವ ತನಕ ಅತ್ತೆಗೆ ಚಹಾ ಇಳಿಯುವುದಿಲ್ಲ. ಕಿವಿ ಮಂದವಾದ್ದರಿಂದ ಫೋನು ಅವರಿಗೆ ಆಗದು. ಹಾಗಾಗಿ ನಾನು ಈ ಮನೆಗೆ ಬಂದ ಎರಡನೇ ಮಳೆಗಾಲದಿಂದ ದಿನಾ ಬೆಳಿಗ್ಗೆ ಚಿಗವ್ವನಿಗೆ ಫೋನು ಹಚ್ಚಿ, ಹೊಳೆಗಿಳಿಯುವ ಮೆಟ್ಟಿಲು ಇವತ್ತು ಎಷ್ಟೆಂದು ಕೇಳಿ, ಅತ್ತೆಗೆ ಕಾಣುವಂತೆ ಕ್ಯಾಲೆಂಡರಿನಲ್ಲಿ ದಪ್ಪಗೆ ಬರೆಯುತ್ತ ಬಂದಿದ್ದೇನೆ. ವರ್ಷ ಮುಗಿದ ಮೇಲೆ ಹಾಳೆಗಳು ಡಬ್ಬಿಗಳ ಕೆಳಗೆ ಹೋಗುತ್ತಿದ್ದವು.

ಆ ಮಧ್ಯಾಹ್ನ ಹಲಗೆಗಳೆಲ್ಲ ಬರಿದಾದವು. ಅರಿಸಿನ ಮೆತ್ತಿದವು, ಅಂಚು ಹರಿದವು ಎಲ್ಲ ಸಿಕ್ಕವು. ಒಂದು ವರ್ಷದ ಆಷಾಢ ಮಾತ್ರ ಎಲ್ಲಿಯೂ ಇರಲಿಲ್ಲ.

"ಏನವಾ, ಡಬ್ಬಿ ಬುಡದ ಹಾಳಿ ತೊಗೊಂಡು ಸಮ್ಮೇಳನಕ್ಕ ಹೊಂಟೀರೇನ?" ಅಂದರು ಅತ್ತೆ. "ಅಲ್ಲೀ ಮಂದಿಗೂ ಡಬ್ಬಿ ಭಾಳ ಅದಾವೇನ?"

ಸ್ಪರ್ಧೆ ಹೀಗೆ: ಆಯಾ ದಿನದ ಮಳೆ, ಆಣೆಕಟ್ಟೆಯಿಂದ ಬಿಟ್ಟ ನೀರು, ನಮ್ಮ ಅಂಕಿಗಳು, ಇಷ್ಟನ್ನು ಕೊಡುವುದು. ಹೊಳೆ ಎಲ್ಲಿರುತ್ತದೆಂದು ಮೂರು ದಿನ ಮೊದಲೇ ಸರಿಯಾಗಿ ಹೇಳುವ ಯಂತ್ರಕ್ಕೆ ಬಹುಮಾನ. ಅಂಕಿಗಳನ್ನು ನಾನು ಓದಿದೆ, ಅವಳು ಒತ್ತಿದಳು. ಅವಳು ಬರೆದ ಇಂಗ್ಲಿಷಿನಲ್ಲಿ ಒಂದೇ ಸಾಲಿನಲ್ಲಿ ಎರಡು ಸಲ ಬಂದಿದ್ದ 'ಬಹಳ ಮಹತ್ವದ' ಎಂಬ ಮಾತನ್ನು ಎರಡೂ ಕಡೆ ಹೊಡೆದುಹಾಕಿದೆ.

ಕೊನೆಯ ದಿನಾಂಕಕ್ಕೆ ನಾಲ್ಕು ದಿನವಿತ್ತು. ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡದೆ ಒಳಗೆ ಬಂದಳು.

"ವೈನಿ, ನೀವು ಬರದದ್ದೆಲ್ಲಾ ತಪ್ಪೈತಿ. ಮಳಿ ಜೋರಾದಂಗ ಹೊಳಿ ಇಳೀತೈತಿ, ಮಳಿ ನಿಂತಮ್ಯಾಲೆ ಏರತೈತಿ. ಇದನ್ನ ಕಳಿಸಿದ್ರ ನನ್ನ ಮಾರಿಗೆ ಒಗೀತಾರ."

ಅವಳು ಮುಂದೆ ಹಿಡಿದ ಗ್ರಾಫ್ ನೋಡಿದೆ. ಗೆರೆ ಸರಿಯಾಗಿಯೇ ಇತ್ತು. ಅಂಕಿ ಸಣ್ಣದಾದಷ್ಟೂ ಅತ್ತೆ ಚಹಾ ಮುಟ್ಟುವುದಿಲ್ಲ. ಇದು ನನಗೆ ಎಷ್ಟು ರೂಢಿಯೆಂದರೆ ಹೇಳಬೇಕೆಂದು ತೋಚಿರಲೇ ಇಲ್ಲ. ಹೊಳೆಮಣ್ಣೂರಿನ ಹೆಂಗಸರು ಎಣಿಸುವುದು ಮುಳುಗಿದ ಮೆಟ್ಟಿಲನ್ನಲ್ಲ. ಕೊಡ ಹಿಡಿದು ಮೇಲಿನಿಂದ ಇಳಿಯುವಾಗ ನೀರು ಮುಟ್ಟುವ ತನಕ ಸಿಗುವ ಒಣ ಮೆಟ್ಟಿಲನ್ನು. ನಾದಿನಿ ಸಣ್ಣವಳಿದ್ದಾಗಿನಿಂದ ಹಾಸ್ಟೆಲಿನಲ್ಲಿ ಓದಿದವಳು, ಅವಳಿಗೆ ಗೊತ್ತಿರಲಿಲ್ಲ.

ಅತ್ತೆಗೆ ಜೋರಾಗಿ ಕೂಗಿ ತಿಳಿಸಿದಾಗ ಅವರು ಮಗಳನ್ನೇ ನೋಡಿದರು. "ಅಲ್ಲ, ಹೊಳಿಗೆ ಮ್ಯಾಲಿಂದ ಇಳೀತಾರೋ, ನೀರಾಗಿಂದ ಎದ್ದ ಬರ್ತಾರೋ? ನೀ ಎಷ್ಟ ಸಾಲಿ ಕಲತೀ?"

"ಆತು ಬಿಡವಾ. ಒಟ್ಟು ಎಷ್ಟ ಪಾವಟಿಗಿ ಅದಾವು ಹೇಳು, ಅದರಾಗ ಒಣಾವು ಕಳದುಬಿಡ್ತೀನಿ," ಅಂದಳು ನಾದಿನಿ. ಮೆಟ್ಟಿಲು ಇಷ್ಟೆಂದು ಅತ್ತೆ ಒಂದು ಅಂಕಿ ಹೇಳಿದರು. ಫೋನಿನಲ್ಲಿ ಚಿಗವ್ವ ಇನ್ನೊಂದು ಹೇಳಿದಳು.

ಮರುದಿನ ಮೊದಲ ಬಸ್ಸಿಗೆ ನಮ್ಮ ಗಜೇಂದ್ರಗಡದಿಂದ ರೋಣಕ್ಕೆ, ಅಲ್ಲಿಂದ ಹೊಳೆಮಣ್ಣೂರಿಗೆ ಹೋದೆವು. ನೀರು ತಳ ಸೇರಿದ ಕಾಲ. ನಾದಿನಿ ಸೀರೆಯ ನಿರಿಗೆ ಎತ್ತಿ ಹಿಡಿದು, ಬಾಯಲ್ಲಿ ಎಣಿಸುತ್ತ ಇಳಿದಳು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಕೈ ನಿಲ್ಲಿಸಿ ಕೇಳಿದಳು: "ಏನ್ರಿ ಮೇಡಂ, ಪಾವಟಿಗಿ ಎಣಸಾಕ ಪಗಾರ ಕೊಡ್ತಾರೇನ್ರಿ? ನಮಗೂ ಒಂದ್ ಕೆಲಸ ನೋಡ್ರಿ."

ಹತ್ತೊಂಬತ್ತಕ್ಕೆ ಅವಳ ಕಾಲು ಹೂಳಿನಲ್ಲಿ ಸಿಕ್ಕಿಕೊಂಡಿತು.

"ಅದರ ಕೆಳಗ ಇನ್ನೂ ಅದಾವು," ಅಂದಳು ದಂಡೆಯಲ್ಲಿ ನಿಂತ ಚಿಗವ್ವ. "ನನ್ನ ಮದುವಿ ವರ್ಷ ಇನ್ನೂ ಎರಡು ಕಾಣತಿದ್ವು. ಹೊಳಿ ಬಂದ್ ಹೋದಾಗೊಮ್ಮೆ ಮಣ್ಣ ಹಾಕಿ ಹೋಗತೈತಿ, ಒಮ್ಮೊಮ್ಮೆ ತೊಳಕೊಂಡೂ ಹೋಗತೈತಿ. ಬುಡಾ ಯಾರ್ ನೋಡ್ಯಾರ? ಮ್ಯಾಲಿಂದು ಎಲ್ಲಿಗೂ ಹೋಗೂದಿಲ್ಲ. ಅದಕ್ಕ ಅಲ್ಲಿಂದ ಎಣಸತೀವಿ."

ನಾನು ಆ ಮಾತನ್ನು ಅಲ್ಲೇ ಬರೆದುಕೊಂಡೆ. ವಾಪಸು ಬರುವಾಗ ರೋಣದ ಬಸ್ ನಿಲ್ದಾಣದಲ್ಲಿ ಒಂದು ತಾಸು ಕೂರಬೇಕಾಯಿತು. ನಾದಿನಿಯ ಸೀರೆಯ ಅಂಚಿಗೆ ಒಣಗಿದ ಹೂಳು ಹತ್ತಿತ್ತು.

"ಹತ್ತೊಂಬತ್ತರಾಗ ಕಳದು ಕಳಿಸಿಬಿಡೂಣು ವೈನಿ. ಅವರಿಗೇನ್ ಗೊತ್ತಾಗತೈತಿ?"

"ನಮಗ ಗೊತ್ತಾಗೇತಲ್ಲ," ಅಂದೆ. "ಹತ್ತೊಂಬತ್ತು ಈ ವರ್ಷದ್ದು. ಹಿಂದಿನ ವರ್ಷ ಎಷ್ಟಿತ್ತೋ. ಕಳದ್ರ ಖರೇ ಲೆಕ್ಕ ಸುಳ್ಳಾಗತೈತಿ. ಇದ್ದದ್ದು ಇದ್ದಂಗ ಹೋಗಲಿ. ಯಾಕ ಹಿಂಗ ಅಂತ ನಾ ಬರೀತೀನಿ."

ನಾನು ಸಾಮಾನ್ಯವಾಗಿ ಯಾರ ಮಾತಿಗೂ ಅಡ್ಡ ಹೋಗುವವಳಲ್ಲ. ಅವಳು ಚೀಲದಿಂದ ನೋಟ್‌ಬುಕ್ ತೆಗೆದುಕೊಟ್ಟಳು. ಮೇಲಿನ ಮೆಟ್ಟಿಲು ಕದಲುವುದಿಲ್ಲ, ಕೆಳಗಿನದು ವರ್ಷವರ್ಷ ಬದಲಾಗುತ್ತದೆ, ಆದ್ದರಿಂದ ಈ ಎಣಿಕೆಯೇ ನಂಬತಕ್ಕದ್ದು ಎಂದು ಆರು ಸಾಲು ಬರೆದೆ. ಗೆದ್ದ ಯಂತ್ರವೂ ಉತ್ತರವನ್ನು ಮೆಟ್ಟಿಲಿನಲ್ಲೇ ಹೇಳಬೇಕೆಂದು ಏಳನೆಯದನ್ನು ಸೇರಿಸಿದೆ. ಕಳೆದುಹೋದ ಆಷಾಢವನ್ನೂ ಮುಚ್ಚಿಡಲಿಲ್ಲ. ಅರ್ಜಿ ಹೋಯಿತು.

ಕೆಲವು ವಾರಗಳ ಮೇಲೆ ಪತ್ರ ಬಂತು, ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಮಾಹಿತಿ ಅಪರೂಪದ್ದು, ಆದರೆ ಉತ್ತರ ಮೀಟರಿನಲ್ಲಿ ಯಾಕಿರಬಾರದು? ವಾರದೊಳಗೆ ತಿಳಿಸಿ.

"ಹೂಂ ಅಂದ್ರ ಕೆಲಸ ಆಗತೈತಿ," ಅಂದಳು ನಾದಿನಿ. ಧ್ವನಿ ಸಣ್ಣದಾಗಿತ್ತು.

"ಚಿಗವ್ವಗ ಮೀಟರ್ ಹೇಳಿದ್ರ ಏನ್ ಮಾಡ್ತಾಳ? ಮೂರ ಪಾವಟಿಗಿ ಉಳದಾವು ಅಂದ್ರ ದನಾ ಬಿಚ್ಚತಾಳ, ಜ್ವಾಳದ ಚೀಲ ಅಟ್ಟಕ್ಕ ಏರಸತಾಳ."

ಅವಳು ಲ್ಯಾಪ್‌ಟಾಪ್ ತನ್ನತ್ತ ಎಳೆದುಕೊಂಡಳು. ಆಮೇಲೆ ತಾನೇ ಉತ್ತರ ಬರೆದಳು, ನಾನು ಒಂದು ಅಲ್ಪವಿರಾಮ ಮಾತ್ರ ಹಾಕಿದೆ. ಸ್ಪರ್ಧಿಗಳು ಒಳಗೆ ಯಾವ ಅಳತೆಯಲ್ಲಾದರೂ ಕೆಲಸ ಮಾಡಲಿ. ಕೊಡುವ ಉತ್ತರ ಮೆಟ್ಟಿಲಿನಲ್ಲಿ ಇಲ್ಲದಿದ್ದರೆ ಅಂಕವಿಲ್ಲ. ದನ ಬಿಚ್ಚುವ ಮಾತನ್ನೂ ಬರೆದಿದ್ದಳು.

ಒಪ್ಪಿಕೊಂಡರು. ಒಂದು ಷರತ್ತು: ಒಂದೇ ಊರು ಸಾಲದು, ಬರುವ ಮಳೆಗಾಲದಿಂದ ಇನ್ನೊಂದು ಊರಿನ ಎಣಿಕೆಯೂ ಬೇಕು, ಯಾರು, ಹೇಗೆ ಎಣಿಸುತ್ತಾರೆಂದು ತಿಂಗಳೊಳಗೆ ಹೇಳಬೇಕು.

ಆ ರವಿವಾರವೇ ಇಬ್ಬರೂ ನರಗುಂದದ ಬಸ್ಸು ಹತ್ತಿದೆವು. ಶಿರೋಳದ ಆಚೆ, ಹೊಳೆದಂಡೆಯ ಒಂದು ಹಳ್ಳಿ. ದನಗಳಿಗೆ ನೀರು ಕುಡಿಸುತ್ತಿದ್ದ ಹಿರಿಯ ಹೆಂಗಸಿಗೆ ನಮಸ್ಕಾರ ಮಾಡಿ, ಇಲ್ಲಿ ಮೆಟ್ಟಿಲು ಎಲ್ಲಿವೆ ಎಂದು ಕೇಳಿದೆ.

"ಪಾವಟಿಗಿ ಎಲ್ಲೀವ್ರಿ ತಂಗಿ ಇಲ್ಲಿ? ನಾವು ಆ ಜಾಲಿಗಿಡ ನೋಡ್ತೀವಿ. ಬೊಡ್ಡಿಗೆ ಬಂದ್ರ ಚಿಂತಿಲ್ಲ. ಕವಲಿಗೆ ಬಂದ್ರ ಮನಿ ಖಾಲಿ ಮಾಡ್ತೀವಿ."

ನಾದಿನಿ ನನ್ನ ಮುಖ ನೋಡಿದಳು. ನಾನು ಏನಾದರೂ ಹೇಳುವ ಮೊದಲೇ ಕೆಸರಿನಲ್ಲಿ ಹೆಜ್ಜೆ ಹಾಕುತ್ತ ಆ ಗಿಡದತ್ತ ನಡೆದಳು. "ಬೊಡ್ಡಿಗೂ ಕವಲಿಗೂ ನಡುವ ಮತ್ತೇನೇನ್ ಗುರ್ತ್ ಹಿಡೀತೀರ್ರಿ ಅಮ್ಮಾ?" ಎಂದು ಅಲ್ಲಿಂದಲೇ ಕೂಗಿ ಕೇಳಿದಳು. ಹೆಂಗಸು ದನದ ಹಗ್ಗ ನನ್ನ ಕೈಗೆ ಕೊಟ್ಟು, ತೋರಿಸಲು ಅವಳ ಹಿಂದೆ ಹೋದಳು.