ಮೋಟಾರ್ ಕಾಕಾ ಆಡಿದ ಮಾತು

ಬೀದಿಯ ಇಸ್ತ್ರಿಯವನು ಸಂಜೆ ಕೆಲಸ ಮುಗಿಸಿ ಇದ್ದಿಲಿನ ಕೆಂಡಕ್ಕೆ ನೀರು ಚಿಮುಕಿಸಿದ. ಚುಂಯ್ ಎಂದು ಎದ್ದ ಹೊಗೆ ನಮ್ಮ ಕಟ್ಟೆಯವರೆಗೂ ಬಂತು. ಬೇರೆಯವರಿಗೆ ಅದು ಇಸ್ತ್ರಿ ಅಂಗಡಿಯ ವಾಸನೆ. ನನಗೆ ಪಕ್ಕದ ಮನೆಯ ಕಾಕಾ ಓಡಿಸುತ್ತಿದ್ದ ಮೋಟಾರಿನ ವಾಸನೆ...

ಆಗ ಊರಿಗೆ ಬರೀ ಕಲ್ಯಾಣ ಎನ್ನುತ್ತಿದ್ದರು, ಬಸವ ಸೇರಿದ್ದು ಆಮೇಲೆ. ನಾನು ಹುಮನಾಬಾದಿನ ಪಕ್ಕದ ಹುಡಗಿ ಎಂಬ ಊರಿನ ಹುಡುಗಿ. ಮದುವೆಯಾಗಿ ಹುಮನಾಬಾದಿನಿಂದ ಕಲ್ಯಾಣಕ್ಕೆ ಬಂದದ್ದು ಕಾಕಾನ ಮೋಟಾರಿನಲ್ಲಿ, ಅಂದರೆ ಅವರ ಬಸ್ಸಿನಲ್ಲಿ. ಯುದ್ಧ ಬಂದು ಪೆಟ್ರೋಲು ಸಿಗದಾದಾಗ ಊರವರೆಲ್ಲ ಇವರ ಧಂದೆ ಮುಗಿಯಿತು ಅಂದರು. ಕಾಕಾ ಮೋಟಾರಿನ ಹಿಂದೆ ಇದ್ದಿಲಿನ ಒಲೆ ಕಟ್ಟಿಸಿ, ಅದರ ಗ್ಯಾಸಿನಿಂದಲೇ ಓಡಿಸಿ ತೋರಿಸಿದರು. ದಿಬ್ಬ ಬಂದರೆ ಗಂಡಸರು ಇಳಿದು ನೂಕಬೇಕು. ಟಿಕೆಟ್ ಕೊಟ್ಟು ನೂಕುವ ಭಾಗ್ಯ ಎಂದು ನನ್ನ ಮಾವ ಗೊಣಗುತ್ತಿದ್ದರು.

ಯಾರು ಹ್ಯಾಂಗ ಅದೀರಿ ಎಂದು ಕೇಳಿದರೂ ಕಾಕಾನ ಉತ್ತರ ಒಂದೇ, "ಮಾಮೂಲ್". ನಮ್ಮ ಕಡೆ ಆ ಮಾತಿಗೆ ಎರಡು ಅರ್ಥ. ಎಂದಿನಂತೆ ಅನ್ನುವುದೊಂದು, ಲಂಚ ಅನ್ನುವುದು ಇನ್ನೊಂದು. ಯಾವ ಹೊತ್ತಿಗೆ ಯಾವುದು ಎಂದು ಮಕ್ಕಳಿಗೂ ತಿಳಿಯುತ್ತಿತ್ತು.

ಮೋಟಾರಿನ ಪರವಾನಗಿ ಠಾಣೆಯ ಮುಖ್ಯಸ್ಥನಾದ ಪೊಲೀಸ್ ಅಮೀನನ ಕೈಯಲ್ಲಿತ್ತು. ಅವನು ಕಾಳಸಂತೆಯವರಿಂದ ಮಾಮೂಲ್ ತಿಂದು, ಸರ್ಕಾರದ ಲೆವಿಗೆಂದು ರೈತರಿಂದ ಎತ್ತಿದ ಜೋಳವನ್ನು ಹೈದರಾಬಾದ್ ಸಂಸ್ಥಾನದ ಗಡಿ ದಾಟಿಸುತ್ತಿದ್ದ. ದಾಟಿಸಲು ಕಾಕಾನ ಮೋಟಾರೇ ಬೇಕಾಯಿತು. ಕೆಳಗೆ ಜೋಳದ ಚೀಲ, ಮೇಲೆ ಇದ್ದಿಲಿನ ಚೀಲ. ಮೊದಲ ಸಲ ಕಾಕಾ ಒಲ್ಲೆ ಎನ್ನಬಹುದಿತ್ತು. ಮೋಟಾರಿನ ಮೋಹ, ಅನ್ನಲಿಲ್ಲ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡರು.

ಒಂದು ದಿನ ಗಡಿ ತಪಾಸಣೆಯ ನಾಕೆಯ ಕಾವಲುಗಾರನೊಬ್ಬ ಆ ಚೀಲ ಹರಿದು ನೋಡಿದ. ವಾರದೊಳಗೆ ಅವನ ಹೆಣ ಬಾವಿಯಲ್ಲಿ ತೇಲಿತು. ಅಮೀನ ಬಂದು ಕಾಕಾನ ಡ್ರೈವರ್‌ನ ಮೇಲೆ ಕೊಲೆ ಹೊರಿಸಿ ಹಿಡಿದುಕೊಂಡು ಹೋದ. ಡ್ರೈವರ್ ನಮ್ಮ ಹುಡಗಿ ಊರಿನವನು, ತಾಯಿಗೆ ಒಬ್ಬನೇ ಮಗ. ಇರುವೆ ಕಂಡರೆ ಬ್ರೇಕು ಒತ್ತುವವನು.

ವಿಚಾರಣೆಗೆ ಹೈದರಾಬಾದಿನಿಂದ ದೊಡ್ಡ ಅಧಿಕಾರಿ ಬಂದರು. ಅಮೀನನ ಲಂಚ ಹೊರಬಿದ್ದರೆ ಕೊಲೆ ಯಾರದೆಂದು ತಿಳಿದು ಡ್ರೈವರ್ ಉಳಿಯುತ್ತಾನೆ ಎಂದು ಎಲ್ಲರಿಗೂ ಗೊತ್ತಿತ್ತು. ಬಾಯಿ ಬಿಡಬೇಕಾದವರು ಕಾಕಾ ಒಬ್ಬರೇ. ಬೆಳಿಗ್ಗೆ ಕಾಕಿ ಚಹಾ ಕೊಡುತ್ತ ಅಂದಿದ್ದರು, "ಮೋಟಾರ್ ಹೋದ್ರ ಹೋಗ್ಲಿ. ಇವತ್ತಾದ್ರೂ ಖರೆ ಹೇಳ್ರಿ."

ಕಾಕಾನ ಪಡಸಾಲೆಯಲ್ಲೇ ಕುರ್ಚಿ ಹಾಕಿದ್ದರು. ನಾನೂ ಕಾಕಿಯೂ ಬಾಗಿಲ ಹಿಂದೆ ನಿಂತಿದ್ದೆವು. ಅಮೀನ ಅಧಿಕಾರಿಯ ಪಕ್ಕದಲ್ಲೇ ನಿಂತು ಮೀಸೆ ತೀಡುತ್ತಿದ್ದ. ಅಮೀನ ನಿಮ್ಮ ಮೋಟಾರನ್ನು ತಪಾಸಣೆ ಮಾಡದೆ ಬಿಡುತ್ತಿದ್ದದ್ದು ಯಾಕೆ ಎಂದು ಅಧಿಕಾರಿ ಉರ್ದುವಿನಲ್ಲಿ ಕೇಳಿದರು. ಕಾಕಾ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಮಾಮೂಲ್ ಹೈ ಸಾಬ್."

ಅಮೀನನ ಕೈ ಮೀಸೆಯ ಮೇಲೆಯೇ ನಿಂತಿತು. ಕಾಕಿ ನನ್ನ ಮುಂಗೈ ಹಿಡಿದು, "ಹೇಳೇಬಿಟ್ರು ನೋಡವ್ವ" ಅಂದರು. ಅಧಿಕಾರಿ ತಲೆಯಾಡಿಸಿ, ಬರೆದುಕೊಂಡು, ಎದ್ದು ಹೋದರು. ಆ ದಿನ ಕಾಕಿ ಹುಗ್ಗಿ ಮಾಡಿ ನಮಗೂ ಕಳಿಸಿದರು.

ಡ್ರೈವರ್ ಬಿಡುಗಡೆಯಾಗಲಿಲ್ಲ. ಹುಮನಾಬಾದಿನ ವಕೀಲರು ಕಾಗದ ನೋಡಿ ಬಂದು ತಿಳಿಸಿದರು. ಆ ಅಧಿಕಾರಿ ದೂರದ ಉತ್ತರದವರು. ಅವರ ಉರ್ದುವಿನಲ್ಲಿ ಮಾಮೂಲ್ ಅಂದರೆ ಎಂದಿನಂತೆ, ಅಷ್ಟೇ. ಎಲ್ಲ ಎಂದಿನಂತೆಯೇ ನಡೆದಿತ್ತು, ಮಾಲೀಕನೇ ಒಪ್ಪಿದ್ದಾನೆ, ಅಮೀನನ ತಪ್ಪಿಲ್ಲ ಎಂದು ಬರೆದುಕೊಂಡಿದ್ದರು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಕಾಕಾ ನಾಲ್ಕು ಭಾಷೆ ಬಲ್ಲವರು.

ಕಾಕಾ ಅರ್ಜಿ ಕೊಟ್ಟರು, ಹೈದರಾಬಾದಿಗೂ ಹೋಗಿಬಂದರು. ಎರಡನೇ ಸಲ ಕೇಳುವವರು ಯಾರೂ ಸಿಗಲಿಲ್ಲ. ಡ್ರೈವರ್ ಗುಲ್ಬರ್ಗದ ಜೇಲಿನಲ್ಲಿ ಜ್ವರ ಬಂದು ತೀರಿಕೊಂಡ.

ಸುದ್ದಿ ತಿಳಿಸಲು ಕಾಕಾ ತಾವೇ ಹುಡಗಿಗೆ ಬಂದರು. ನಾನು ತವರಿನಲ್ಲಿದ್ದೆ, ಅವರ ಹಿಂದೆಯೇ ಹೋದೆ. ಡ್ರೈವರ್‌ನ ತಾಯಿ ಅಳಲಿಲ್ಲ. ಕಾಕಾನ ಮುಂದೆ ನೀರಿನ ತಂಬಿಗೆ ಇಟ್ಟು ಕೇಳಿದಳು.

"ಸಾಹೇಬರ ಮುಂದ ಏನ್ ಹೇಳಿದ್ರಿ ಅಣ್ಣಾ?"

"ಖರೆನೇ ಹೇಳೀನಿ ತಂಗಿ."

"ಹಂಗಾದ್ರ ನನ್ನ ಮಗ ಯಾಕ ಬರ್ಲಿಲ್ರಿ?"

ಕಾಕಾ ತಂಬಿಗೆಯನ್ನು ಅವಳ ಕಡೆ ಸರಿಸಿ ಎದ್ದರು. ನೀರು ಕುಡಿಯಲಿಲ್ಲ.

ಆಮೇಲೆ ಮೋಟಾರ್ ಅವರ ಅಂಗಳದಲ್ಲೇ ನಿಂತಿತು. ಅಮೀನ ಬಂದು ಕೂರುತ್ತಿದ್ದ ಮುಂದಿನ ಸೀಟಿನ ಮೇಲೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಯಾರಾದರೂ ಹ್ಯಾಂಗ ಅದೀರಿ ಎಂದರೆ ಕಾಕಾ ತುಟಿ ತೆರೆದು, ಮತ್ತೆ ಮುಚ್ಚಿಕೊಳ್ಳುತ್ತಿದ್ದರು. ಅವರು ಸತ್ತ ದಿನವೂ ನನಗೆ ಅಳು ಬರಲಿಲ್ಲ. ಯಾಕೆಂದು ಇವತ್ತಿಗೂ ತಿಳಿದಿಲ್ಲ. ಆ ಮನುಷ್ಯ ಇರಬೇಕಿತ್ತು ಎಂದು ಮಾತ್ರ ಅನ್ನಿಸುತ್ತದೆ.

ಇಸ್ತ್ರಿಯವನು ಬೂದಿ ಬಳಿಯುತ್ತ ನನ್ನ ಕಡೆ ತಿರುಗಿದ. "ಹೊಗಿ ಭಾಳ ಬರಾಕತ್ತದೇನ್ರಿ ಆಯಿ?"

ಮಾಮೂಲ್ ಅನ್ನಬೇಕೆಂದು ಬಾಯಿ ತೆರೆದೆ. ಅವನು ಉತ್ತರಕ್ಕೆ ಕಾದ. ನಾನು ಬಾಯಿ ಮುಚ್ಚಿಕೊಂಡು ಒಳಗೆ ಬಂದೆ.